ಎಡೆದೊರೆ ನಾಡಿನ ಬೀಜ

ಲಿಂಗಸುಗೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿ ಬಹು ದೂರದ್ದಲ್ಲ. ಎಲ್ಲ ಸೇರಿ ಐವತ್ತು-ಅರವತ್ತು ಕಿಲೋಮೀಟರಾದೀತು. ಬಸ್ಸಿನ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತ ಹೋದರೆ ಈ ಸೀಮೆಯ ಬೇಸಾಯದ ಚರಿತ್ರೆಯೇ ಎರಡು ಪಕ್ಕದಲ್ಲಿಯೂ ಹರಡಿರುತ್ತದೆ. ಲಿಂಗಸುಗೂರಿನ ಕಡೆ ಕಲ್ಲುಗುಡ್ಡಗಳ ನಡುವೆ ಮಸಾರಿ ನೆಲ. ಅಲ್ಲಿ ಸಜ್ಜೆ, ತೊಗರಿ, ಹುರುಳಿ. ಮಸ್ಕಿಯ ಸುತ್ತ ಎರೆಭೂಮಿ ಹೆಚ್ಚು. ಅಲ್ಲಿ ಬಿಳಿಜೋಳ, ಹತ್ತಿ, ಕಡಲೆ. ಸಿಂಧನೂರು ಹತ್ತಿರವಾದಂತೆ ಕಾಲುವೆ ಎದುರಾಗುತ್ತದೆ. ಕಾಲುವೆಯಲ್ಲಿ ನೀರಿರುವ ದಿನಗಳಲ್ಲಿ ಕಣ್ಣು ಹಾಯುವವರೆಗೂ ಭತ್ತದ ಗದ್ದೆ.

ಮಣ್ಣು ಬೇರೆ, ಬೆಳೆ ಬೇರೆ. ಅದನ್ನು ಯಾರಾದರೂ ಹೇಳಿಯಾರು. ಆದರೆ ಈ ಬೆಳೆಗಳ ಹೂವಿನ ಸ್ವಭಾವವೂ ಬೇರೆ ಬೇರೆಯೆಂಬುದು ಬಸ್ಸಿನಿಂದ ಕಾಣುವುದಿಲ್ಲ. ಸಜ್ಜೆಯ ಹೂ ನೆರೆಯ ಗಿಡದ ಪರಾಗಕ್ಕಾಗಿ ಕಾಯುತ್ತದೆ. ಜೋಳವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟಿ, ಅಲ್ಲೊಂದು ಇಲ್ಲೊಂದು ಹೂವಿನಲ್ಲಿ ಹೊರಗಿನದನ್ನೂ ಒಪ್ಪಿಕೊಳ್ಳುತ್ತದೆ. ಭತ್ತದ ಹೂ ಬಾಗಿಲು ತೆರೆಯುವಷ್ಟರಲ್ಲಿ ಒಳಗಿನ ಕೆಲಸ ಮುಗಿದೇ ಇರುತ್ತದೆ. ಓದುಗರು ಈ ಸಣ್ಣ ಭೇದವನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಯಾವ ಬೆಳೆಯ ಬೀಜ ರೈತನ ಮನೆಯಲ್ಲಿ ಉಳಿಯಿತು, ಯಾವುದು ಮನೆ ಬಿಟ್ಟು ಅಂಗಡಿ ಸೇರಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಪ್ರದೇಶಕ್ಕೆ ಎಡೆದೊರೆ ನಾಡೆಂದು ಹಳೆಯ ಹೆಸರು. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಎಡೆದೊರೆ. ಇದಕ್ಕಾಗಿ ಚಾಲುಕ್ಯರೂ ಚೋಳರೂ ಕಾದಿದರು. ಮುಂದೆ ವಿಜಯನಗರದವರೂ ಬಹಮನಿಯವರೂ ಕಾದಿದರು. ಮುದುಗಲ್ಲು, ರಾಯಚೂರು ಕೋಟೆಗಳು ಅದೆಷ್ಟು ಬಾರಿ ಕೈ ಬದಲಾಯಿಸಿದುವೆಂಬ ಲೆಕ್ಕ ಚರಿತ್ರೆಯ ಪುಸ್ತಕಗಳಲ್ಲಿದೆ. ಆ ಸೈನ್ಯಗಳಿಗೆ ರೊಟ್ಟಿ ಒದಗಿಸಿದ ಜೋಳದ ಸಂಗತಿ ಮಾತ್ರ ಅಲ್ಲಿ ಒಂದು ಸಾಲೂ ಸಿಗುವುದಿಲ್ಲ.

ಮಸ್ಕಿಯೆಂದೊಡನೆ ನಮಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಅದಿರನ್ನು ಅರಸುತ್ತ ಅಲೆಯುತ್ತಿದ್ದಾಗ ಆ ಬಂಡೆಯನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಯಲ್ಲಿ ಅಶೋಕನೆಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಅದರಲ್ಲಿ. ಈ ಬಂಡೆಯಲ್ಲಿ ಗಿಡಮರಗಳ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನ ಎರಡನೆಯ ಬಂಡೆಶಾಸನ ಬೇರೆಡೆಗಳಲ್ಲಿ ದೊರೆತಿದೆ. ಮನುಷ್ಯರಿಗೂ ದನಗಳಿಗೂ ಬೇಕಾದ ಔಷಧದ ಗಿಡಗಳು, ಬೇರುಗಳು, ಹಣ್ಣುಗಳು ಎಲ್ಲಿ ಇಲ್ಲವೋ ಅಲ್ಲಿಗೆ ಅವನ್ನು ತರಿಸಿ ನೆಡಿಸಿದ ವಿಷಯ ಅದರಲ್ಲಿ ಬರುತ್ತದೆ. ಗಿಡವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ರಾಜ್ಯದ ಕೆಲಸವೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಒಬ್ಬ ಅರಸನು ಭಾವಿಸಿದ್ದನು.

ಅಶೋಕನಿಗಿಂತ ಬಹಳ ಮೊದಲೇ ಇಲ್ಲಿ ಬಿತ್ತಿ ಬೆಳೆಯುವವರಿದ್ದರು. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆದವರು ಆಲ್ಚಿನ್. ಅವರ ಗ್ರಂಥ 1960ರಲ್ಲಿ ಹೊರಬಂದಿತು. ನವಶಿಲಾಯುಗದ ಆ ಜನ ದನಗಾಹಿಗಳಾಗಿದ್ದರೆಂಬುದಕ್ಕೆ ಈ ಭಾಗದ ಬೂದಿದಿಬ್ಬಗಳೇ ಸಾಕ್ಷಿ. ರಾಶಿರಾಶಿ ಸಗಣಿ ಸುಟ್ಟು ಉಳಿದ ಬೂದಿ ಅದು. ಅವರು ಉಣ್ಣುತ್ತಿದ್ದ ಧಾನ್ಯ ಯಾವುದೆಂಬುದು ಆಗ ಅಷ್ಟಾಗಿ ತಿಳಿಯಲಿಲ್ಲ. ಉತ್ಖನನದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬರುವ ಕರಿಕಾಳುಗಳನ್ನು ಸೋಸಿ ತೆಗೆಯುವ ಪದ್ಧತಿ ಬಂದ ಮೇಲೆ ಈ ಕೊರತೆ ತುಂಬಿತು. ತುಂಗಭದ್ರೆಯ ಆಚೆ ದಡದ ತೆಕ್ಕಲಕೋಟೆ, ಬಳ್ಳಾರಿಯ ಹತ್ತಿರದ ಸಂಗನಕಲ್ಲು, ದೂರದ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಡೋರಿಯನ್ ಫುಲ್ಲರ್ ಅವರು ಹೀಗೆ ಪರಿಶೀಲಿಸಿದರು. ಮತ್ತೆ ಮತ್ತೆ ಸಿಕ್ಕಿದುವು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ ಒಂದು ಹುಲ್ಲಿನ ಕಾಳು. ನಾಲ್ಕೂ ಇದೇ ದಕ್ಷಿಣಾಪಥದ ಕಾಡುಗಿಡಗಳಿಂದ ಒಕ್ಕಲಾದುವು. ಇಂದು ನಮ್ಮ ಊಟವೆನಿಸಿದ ಜೋಳ, ಸಜ್ಜೆ, ರಾಗಿಗಳು ಆಮೇಲೆ ಆಫ್ರಿಕದಿಂದ ಬಂದ ಅತಿಥಿಗಳು. ರೊಟ್ಟಿಯನ್ನು ನಮ್ಮ ಮಣ್ಣಿನದೇ ಎಂದು ಹೆಮ್ಮೆಪಡುವವರಿಗೆ ಇದು ಸ್ವಲ್ಪ ಇರಿಸುಮುರಿಸಾಗಬಹುದು. ಹುರುಳಿ ತಿನ್ನುವವರು ಹೆಮ್ಮೆಪಡಬಹುದು.

ಕಾಡಿನ ಗಿಡ ಹೊಲದ ಗಿಡವಾದದ್ದು ಹೇಗೆ? ಕಾಡುಹುಲ್ಲು ಕಾಳು ಬಲಿತೊಡನೆ ಅದನ್ನು ನೆಲಕ್ಕೆ ಉದುರಿಸುತ್ತದೆ. ಅದರ ಸಂತಾನ ಬೆಳೆಯಬೇಕಾದರೆ ಉದುರಲೇಬೇಕು. ಲಕ್ಷ ಗಿಡಗಳಲ್ಲಿ ಎಲ್ಲೋ ಒಂದು, ಉದುರಿಸುವ ಗುಣ ತಪ್ಪಿ ಹುಟ್ಟುತ್ತದೆ. ಕಾಡಿನಲ್ಲಿ ಅದಕ್ಕೆ ಉಳಿವಿಲ್ಲ. ಮನುಷ್ಯ ತೆನೆ ಕೊಯ್ದು ಮನೆಗೆ ತರತೊಡಗಿದ ಮೇಲೆ, ಅವನ ಕೈಗೆ ಹೆಚ್ಚಾಗಿ ಬಂದದ್ದು ಉದುರದೆ ನಿಂತ ಆ ಕಾಳೇ. ಮರುವರ್ಷ ಬಿತ್ತಿದ್ದೂ ಅದನ್ನೇ. ಹೀಗೆ ನೂರಾರು ತಲೆಮಾರು ಕಳೆದಾಗ ಗಿಡವು ಮನುಷ್ಯನನ್ನು ಬಿಟ್ಟು ಬಾಳಲಾರದಂತಾಯಿತು.

ಹುರುಳಿಯ ವಿಷಯ ಇನ್ನೂ ಸೊಗಸು. ಕಾಡುಹುರುಳಿಯ ಸಿಪ್ಪೆ ದಪ್ಪ. ನೀರು ಬೇಗ ಒಳಗಿಳಿಯದು. ಒಂದೇ ಮಳೆಗೆ ಎಲ್ಲ ಕಾಳೂ ಮೊಳೆತು, ಮುಂದೆ ಮಳೆ ಕೈಕೊಟ್ಟರೆ ವಂಶವೇ ಹೋದೀತೆಂದು ಕೆಲವು ಕಾಳು ಈ ವರ್ಷ, ಕೆಲವು ಬರುವ ವರ್ಷ ಮೊಳೆಯುವ ಏರ್ಪಾಡು ಅದು. ಕಾಳಿನೊಳಗಿನ ಪುಟ್ಟ ಸಸಿಗೆ ಅದರ ಎರಡು ಬೇಳೆಗಳಲ್ಲಿ ಬುತ್ತಿ ಕಟ್ಟಿಟ್ಟಿರುತ್ತದೆ. ನೀರು, ಗಾಳಿ, ಹಿತವಾದ ಬಿಸಿ ಈ ಮೂರೂ ಒದಗಿದಾಗ ಸಸಿ ಬುತ್ತಿ ಬಿಚ್ಚುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ, ಅನಂತರ ಚಿಗುರು ಮೇಲೇರುತ್ತದೆ. ರೈತನಿಗೆ ಬೇಕಾದದ್ದು ಬಿತ್ತಿದ್ದೆಲ್ಲ ಒಟ್ಟಿಗೆ ಮೊಳೆಯುವ ಕಾಳು. ಬಿತ್ತಿ, ಕೊಯ್ದು, ಮತ್ತೆ ಬಿತ್ತಿದಂತೆಲ್ಲ ತೆಳುಸಿಪ್ಪೆಯ ಕಾಳುಗಳೇ ಉಳಿದುವು. 2017ರಲ್ಲಿ ಷಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಅವರು ದಕ್ಷಿಣ ಭಾರತದ ಪ್ರಾಚೀನ ನೆಲೆಗಳ ಸುಟ್ಟ ಹುರುಳಿಕಾಳುಗಳನ್ನು ಒಡೆಯದೆಯೇ, ಬಲವಾದ ಎಕ್ಸ್‌ ಕಿರಣಗಳಿಂದ ಒಳಹೊಕ್ಕು ಅಳೆದರು. ಹಳೆಯ ಕಾಳಿನ ಸಿಪ್ಪೆ ದಪ್ಪವಾಗಿಯೂ ಆಮೇಲಿನ ಕಾಳಿನದು ತೆಳುವಾಗಿಯೂ ಇದ್ದುವು. ಅಕ್ಷರವಿಲ್ಲದ ಜನ ಬರೆದಿಟ್ಟ ದಾಖಲೆಯೆಂದರೆ ಇದೇ ಅಲ್ಲವೆ?

ಇನ್ನು ಲಿಂಗಸುಗೂರಿನ ಸಜ್ಜೆಗೆ ಬರೋಣ. ಸಜ್ಜೆಯ ತೆನೆ ಹೊರಬಿದ್ದಾಗ ಮೊದಲು ಹೊರಗೆ ಚಾಚುವುದು ಬಿಳಿಯ ಎಳೆಯಂಥ ಶಲಾಕಾಗ್ರಗಳು, ಅಂದರೆ ಹೂವಿನ ಹೆಣ್ಣು ಭಾಗ. ಪರಾಗ ತುಂಬಿದ ಕೇಸರಗಳು ಹೊರಬರುವುದು ಎರಡು-ಮೂರು ದಿನ ಕಳೆದ ಮೇಲೆ. ಅಷ್ಟರೊಳಗೆ ಗಾಳಿ ಪಕ್ಕದ ಗಿಡದ, ಪಕ್ಕದ ಹೊಲದ ಪರಾಗವನ್ನು ತಂದು ಮುಟ್ಟಿಸಿರುತ್ತದೆ. ಆದ್ದರಿಂದ ಸಜ್ಜೆಯಲ್ಲಿ ಒಬ್ಬನ ಬೀಜ ಒಬ್ಬನದೇ ಎನ್ನಲು ಬಾರದು. ಊರಿನ ಹೊಲಗಳೆಲ್ಲ ಸೇರಿ ಒಂದು ತಳಿಯನ್ನು ಕಾಯ್ದುಕೊಂಡಿರುತ್ತಿದ್ದುವು. ಗಿಡಗಳಲ್ಲಿಯೂ ಹೆಣ್ಣು ಗಂಡೆಂಬುದುಂಟು, ಪರಾಗವಿಲ್ಲದೆ ಬೀಜವಿಲ್ಲ ಎಂಬುದನ್ನು ಯೂರೋಪಿನಲ್ಲಿ ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಕಮೆರಾರಿಯಸ್, 1694ರಲ್ಲಿ. ನಮ್ಮ ರೈತನು ಅದನ್ನು ಓದಿರಲಿಲ್ಲ. ಆದರೆ ಹೂ ಬಿಡುವ ಕಾಲದಲ್ಲಿ ಜಡಿಮಳೆ ಹಿಡಿದರೆ ಸಜ್ಜೆಯ ತೆನೆ ಜಳ್ಳಾಗುತ್ತದೆಂದು ಅವನಿಗೆ ಗೊತ್ತಿತ್ತು. ಪರಾಗ ತೊಳೆದುಹೋಗುವುದರಿಂದ ಹಾಗಾಗುತ್ತದೆ.

ಹೊರಗಿನ ಪರಾಗವನ್ನು ಇಷ್ಟು ಸುಲಭವಾಗಿ ಸ್ವೀಕರಿಸುವ ಗಿಡ ಸಂಕರಕ್ಕೆ ಹೇಳಿಮಾಡಿಸಿದಂತಿತ್ತು. ಪರಾಗ ಹುಟ್ಟದ ಸಜ್ಜೆಯ ಸಾಲೊಂದು ಅಮೆರಿಕದಿಂದ ಬಂದಿತು. ಅದನ್ನು ತಾಯಿಯಾಗಿಟ್ಟು ಮಾಡಿದ ಎಚ್‌ಬಿ-1 ಎಂಬ ಸಂಕರ ಸಜ್ಜೆ 1965ರಲ್ಲಿ ಬಿಡುಗಡೆಯಾಯಿತು. ಇಳುವರಿ ಏರಿತು. ಅನಂತರದ ಸಂಕರಗಳಿಗೂ ಅದೇ ಸಾಲು ತಾಯಿ. ದೇಶದ ಎಷ್ಟೋ ಹೊಲಗಳಲ್ಲಿ ಒಂದೇ ತಾಯಿಯ ಮಕ್ಕಳು ನಿಂತರೆ ಏನಾಗಬಹುದೆಂಬುದನ್ನು 1970ರ ದಶಕದ ಆರಂಭದ ವರ್ಷಗಳು ತೋರಿಸಿದುವು. ಎಲೆ ಬಿಳಿಚಿ, ತೆನೆಯೊಳಗಿನ ಹೂಗಳು ಕಾಳಾಗುವ ಬದಲು ಎಲೆಗಳಾಗಿ ಮಾರ್ಪಡುವ ಬೂಜುರೋಗ ದೇಶದ ಸಜ್ಜೆಯ ಸೀಮೆಗಳಲ್ಲಿ ಹಬ್ಬಿತು. ಹೂವೆಂಬುದು ಮೂಲತಃ ರೂಪಾಂತರಗೊಂಡ ಎಲೆಗಳ ಗುಂಪೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅದನ್ನು ಹೀಗೆ ಕಣ್ಣಾರೆ ಕಾಣುವ ಪ್ರಸಂಗ ಯಾವ ರೈತನಿಗೂ ಬಾರದಿರಲಿ.

ಮಸ್ಕಿಯ ಎರೆಭೂಮಿಯ ಬಿಳಿಜೋಳದ ನಡತೆ ಬೇರೆ. ಹಿಂಗಾರಿಯಲ್ಲಿ ಕೂರಿಗೆಯಿಂದ ಬಿತ್ತಿದ ಮೇಲೆ ಅದಕ್ಕೆ ಹೆಚ್ಚು ಮಳೆಯ ಆಸರೆ ಇರುವುದಿಲ್ಲ. ಮುಂಗಾರಿನ ಮಳೆಯನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಂಡ ಎರೆ ಮಣ್ಣೇ ಅದಕ್ಕೆ ಬಾವಿ. ಮೇಲಿನ ಪದರ ಒಣಗಿ ಬಿರುಕು ಬಿಟ್ಟಂತೆಲ್ಲ ಬೇರು ಇನ್ನೂ ಆಳಕ್ಕಿಳಿಯುತ್ತದೆ. ಎಲೆಯ ಮೇಲೆ ಮೇಣದಂಥ ಬಿಳಿಯ ಲೇಪವಿದ್ದು ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ. ತೀರ ಬರ ಬಂದರೆ ಗಿಡ ಎಲೆ ಸುರುಳಿ ಸುತ್ತಿಕೊಂಡು ಬೆಳವಣಿಗೆಯನ್ನೇ ನಿಲ್ಲಿಸಿ ಕಾಯುತ್ತದೆ, ಮತ್ತೆ ತೇವ ಸಿಕ್ಕರೆ ಮುಂದುವರಿಯುತ್ತದೆ. ಇಷ್ಟು ತಾಳ್ಮೆಯ ಬೆಳೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಜೋಳದ ತೆನೆ ತುದಿಯಿಂದ ಬುಡದ ಕಡೆಗೆ ಹೂ ಬಿಡುತ್ತ ಬರುತ್ತದೆ. ಎಲ್ಲ ಹೂವೂ ಅರಳಿ ಮುಗಿಯಲು ಸುಮಾರು ಒಂದು ವಾರ ಬೇಕು. ಅರಳುವುದು ಹೆಚ್ಚಾಗಿ ರಾತ್ರಿ ಕಳೆದು ನಸುಕು ಹರಿಯುವ ವೇಳೆಗೆ. ಒಂದೇ ಹೂವಿನಲ್ಲಿ ಹೆಣ್ಣು ಗಂಡು ಎರಡೂ ಇರುವುದರಿಂದ ಬಹುಪಾಲು ಕಾಳು ಸ್ವಂತ ಪರಾಗದಿಂದಲೇ ಕಟ್ಟುತ್ತದೆ. ನೂರಕ್ಕೆ ಕೆಲವು ಮಾತ್ರ ಹೊರಗಿನದರಿಂದ. ಈ ನಡುದಾರಿ ರೈತನಿಗೆ ಅನುಕೂಲವಾಯಿತು. ತಂದೆಯ ಹೊಲದ ಜೋಳ ಮಗನ ಹೊಲದಲ್ಲಿಯೂ ಅದೇ ಜೋಳವಾಗಿ ಬರುತ್ತಿತ್ತು. ಆದರೂ ಅಲ್ಲೊಂದು ಇಲ್ಲೊಂದು ಹೊಸ ಬಗೆಯ ತೆನೆ ಕಾಣಿಸಿಕೊಳ್ಳುತ್ತಿತ್ತು. ಕೊಯ್ಲಿಗೆ ಮುಂಚೆ ಮನೆಯ ಹಿರಿಯರು, ಬಹಳ ಕಡೆ ಹೆಂಗಸರೇ, ಹೊಲದಲ್ಲಿ ತಿರುಗಾಡಿ ದುಂಡಗಿನ ಮುತ್ತಿನಂಥ ಕಾಳಿನ ತೆನೆಗಳನ್ನು ಆರಿಸಿ ಬೀಜಕ್ಕೆಂದು ಬೇರೆಯಾಗಿ ಕಟ್ಟಿಡುತ್ತಿದ್ದರು. ಉಣ್ಣುವ ಜೋಳ ಹಗೇವಿಗೆ ಹೋದರೆ, ಬಿತ್ತುವ ಜೋಳ ಬೂದಿ ಬೆರೆಸಿಕೊಂಡು ಗಡಿಗೆಯಲ್ಲಿ ಕುಳಿತಿರುತ್ತಿತ್ತು. ಯಾವ ತೆನೆ ಬೀಜಕ್ಕೆ, ಯಾವುದು ರೊಟ್ಟಿಗೆ ಎಂಬ ತೀರ್ಮಾನ ಈ ಅವ್ವಂದಿರದು. ಇಂದು ತಳಿಶಾಸ್ತ್ರವೆನ್ನುವ ವಿದ್ಯೆ ನಮ್ಮ ಕಡೆ ಹೆಚ್ಚು ಕಾಲ ಇದ್ದದ್ದು ಅವರ ಕೈಬೆರಳುಗಳಲ್ಲಿ.

ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಹಳೆಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ಎಂಬ ತಳಿಯೂ ಇದೇ ಕ್ರಮದ್ದು. ಆರಿಸಿದ್ದು ಸರಕಾರದ ತಜ್ಞರೆಂಬುದಷ್ಟೇ ವ್ಯತ್ಯಾಸ. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಸಂಕರ ಜೋಳ ಬಂದಾಗ ಕ್ರಮವೇ ಬದಲಾಯಿತು. ಸ್ವಂತ ಪರಾಗದಿಂದ ಕಾಳು ಕಟ್ಟುವ ಗಿಡವನ್ನು ಬೇರೊಂದರೊಡನೆ ಕೂಡಿಸಬೇಕಾದರೆ ಅದರ ಪರಾಗವನ್ನು ಮೊದಲು ಇಲ್ಲವಾಗಿಸಬೇಕು. ಜೋಳದ ಸಾವಿರಾರು ಪುಟ್ಟ ಹೂಗಳಿಂದ ಕೇಸರ ಕೀಳುವುದು ಆಗದ ಮಾತು. 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲಂಡ್ ಎಂಬವರು, ಹುಟ್ಟಿನಿಂದಲೇ ಪರಾಗ ಬರಡಾದ ಜೋಳದ ಸಾಲನ್ನು ಪ್ರಕಟಪಡಿಸಿದ್ದರು. ಆ ಬರಡುತನ ತಾಯಿಯ ಕಡೆಯಿಂದ ಮಾತ್ರ ಇಳಿದುಬರುವಂಥದು. ಅಂಥ ತಾಯಿಯ ನಾಲ್ಕು ಸಾಲು, ತಂದೆಯ ಎರಡು ಸಾಲು ಬಿತ್ತಿದರೆ ಗಾಳಿಯೇ ಮದುವೆ ಮಾಡಿಸುತ್ತದೆ. ತಾಯಿಯ ಸಾಲಿನಲ್ಲಿ ಕಟ್ಟಿದ ಕಾಳೆಲ್ಲ ಸಂಕರ ಬೀಜ.

ಸಂಕರದ ಮೊದಲ ತಲೆಮಾರು ಹುಮ್ಮಸ್ಸಿನಿಂದ ಬೆಳೆಯುತ್ತದೆ, ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅದರ ಕಾಳನ್ನು ಮತ್ತೆ ಬಿತ್ತಿದರೆ ಒಂದು ಗಿಡ ಅಜ್ಜನಂತೆ, ಒಂದು ಅಜ್ಜಿಯಂತೆ, ಒಂದು ಎರಡೂ ಅಲ್ಲದಂತೆ ಬರುತ್ತದೆ. ಬಟಾಣಿಯ ಗಿಡಗಳಲ್ಲಿ ಈ ನಿಯಮವನ್ನು ಎಣಿಸಿ ತೋರಿಸಿದ ಪಾದ್ರಿ ಮೆಂಡೆಲನ ಲೇಖನ 1866ರಲ್ಲಿ ಅಚ್ಚಾಯಿತು. 1900ರವರೆಗೆ ಅದನ್ನು ಯಾರೂ ಲಕ್ಷಿಸಲಿಲ್ಲ. ಗಡಿಗೆಯ ಬೀಜದಲ್ಲಿ ಬದುಕಿದ ರೈತನಿಗೆ ಈ ನಿಯಮದ ಅರ್ಥ ಒಂದೇ: ಬೀಜವನ್ನು ಪ್ರತಿವರ್ಷ ಕೊಳ್ಳಬೇಕು.

ಸಿಎಸ್‌ಎಚ್-1 ಮುಂಗಾರಿಗೆ ಹೊಂದಿಕೊಂಡಿತು, ಇಳುವರಿಯನ್ನೂ ಕೊಟ್ಟಿತು. ಆದರೆ ಗಿಡ ಗಿಡ್ಡ, ದನಗಳಿಗೆ ಮೇವು ಕಡಿಮೆ. ಮಳೆಯಲ್ಲಿ ಬಲಿತ ಕಾಳಿಗೆ ಕಪ್ಪು ಬೂಜು. ರೊಟ್ಟಿ ಮೊದಲಿನ ಹಾಗಿಲ್ಲವೆಂಬ ದೂರು. ಹಿಂಗಾರಿಯಲ್ಲಂತೂ ಮಾಲದಂಡಿಯನ್ನು ಕದಲಿಸಲು ಯಾವ ಸಂಕರಕ್ಕೂ ಸಾಧ್ಯವಾಗಲಿಲ್ಲ. ರೊಟ್ಟಿ ತಟ್ಟುವವರ ತೀರ್ಪಿನ ಮುಂದೆ ಇಳುವರಿಯ ಅಂಕಿ ಸೋತ ಉದಾಹರಣೆಗಳಲ್ಲಿ ಇದೊಂದು.

ಹತ್ತಿಯ ಕಡೆ ತೀರ್ಪು ತಿರುಗುಮುರುಗಾಯಿತು. ಹತ್ತಿಯನ್ನು ಮನೆಯಲ್ಲಿ ಉಣ್ಣುವವರಿಲ್ಲ. ಅದರ ರುಚಿ ಪೇಟೆಯಲ್ಲಿ ನಿರ್ಧಾರವಾಗುವುದು. ಎರೆಭೂಮಿಯ ಹಳೆಯ ಹತ್ತಿ ಗಿಡ್ಡ ಎಳೆಯದು, ಹಳದಿ ಹೂವಿನದು, ಬರ ತಡೆಯುವಂಥದು. ಹತ್ತಿಯ ಎಳೆಯೆಂದರೆ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಹೂ ಅರಳಿದ ದಿನವೇ ಅದು ಉದ್ದವಾಗತೊಡಗುತ್ತದೆ. ಅದು ಎಷ್ಟು ಉದ್ದ ಬೆಳೆಯುತ್ತದೆಂಬುದರ ಮೇಲೆ ನೂಲಿನ ನಯ, ನಯದ ಮೇಲೆ ಬೆಲೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಲಕ್ಷ್ಮಿ ಎಂಬ ಅಮೆರಿಕನ್ ಜಾತಿಯ ಹತ್ತಿಯನ್ನು ಉದ್ದ ಎಳೆಯ ಬಾರ್ಬಡೆನ್ಸ್ ಜಾತಿಯೊಡನೆ ಕೂಡಿಸಿ ಪಡೆದ ವರಲಕ್ಷ್ಮಿ 1972ರಲ್ಲಿ ಹೊರಬಂದಿತು. 1981ರಲ್ಲಿ ಅದೇ ಮನೆತನದ ಡಿಸಿಎಚ್-32, ಜಯಲಕ್ಷ್ಮಿ. ತುಂಗಭದ್ರೆಯ ನೀರು ಕಂಡ ಹೊಲಗಳಲ್ಲಿ ಇವು ಮೆರೆದುವು. ಕಾಯಿಕೊರಕದ ಹುಳುವೂ ಅದರ ಹಿಂದೆಯೇ ಬಂದಿತು.

ಈ ಬೀಜವನ್ನು ಮಾಡುವ ರೀತಿಯನ್ನು ಓದುಗರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಹತ್ತಿಯ ಹೂ ದೊಡ್ಡದು. ಒಂದೊಂದನ್ನೂ ಕೈಯಿಂದ ಮುಟ್ಟಬಹುದು. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಅದರ ದಳವನ್ನೂ ಕೇಸರದ ಕೊಳವೆಯನ್ನೂ ಸುಲಿದು, ಒಳಗಿನ ಅಂಡಾಶಯಕ್ಕೂ ಶಲಾಕೆಗೂ ನೋವಾಗದಂತೆ ಬಿಟ್ಟು, ಗುರುತಿಗೆ ಕೆಂಪು ಕಾಗದ ಮುಚ್ಚಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವುದರೊಳಗೆ ತಂದೆಗಿಡದ ಅರಳಿದ ಹೂ ಕಿತ್ತು ತಂದು, ಅದರ ಪರಾಗವನ್ನು ಈ ಶಲಾಕೆಗೆ ಸವರಬೇಕು. ಪರಾಗದ ಕಣ ಅಲ್ಲಿ ಮೊಳೆತು ಸಣ್ಣ ಕೊಳವೆಯೊಂದನ್ನು ಶಲಾಕೆಯೊಳಗೆ ಇಳಿಬಿಟ್ಟು ಅಂಡವನ್ನು ಸೇರುತ್ತದೆ. ಒಂದು ಎಕರೆಗೆ ಸಾವಿರಾರು ಹೂ, ಎರಡು ತಿಂಗಳು ಪ್ರತಿದಿನ. ಗಾಳಿಯಾಗಲಿ ಜೇನ್ನೊಣವಾಗಲಿ ಮಾಡಬೇಕಾದ ಕೆಲಸವನ್ನು ಇಲ್ಲಿ ಹೆಂಗಸರು ಮಾಡಿದರು. ಬೆರಳು ಸಣ್ಣವೆಂದೂ ಕೂಲಿ ಕಡಿಮೆಯೆಂದೂ ಶಾಲೆ ಬಿಡಿಸಿ ತಂದ ಹುಡುಗಿಯರೂ ಮಾಡಿದರು. ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ಸಂಕರ ಹತ್ತಿಬೀಜದ ಇತಿಹಾಸ ಬರೆಯುವವರು ತಳಿಯ ಹೆಸರುಗಳನ್ನಷ್ಟೇ ಬರೆದು ಈ ಮಾತನ್ನು ಬಿಟ್ಟರೆ ಅದು ಅರ್ಧ ಇತಿಹಾಸ. 2002ರಲ್ಲಿ ಬಿಟಿ ಹತ್ತಿಗೆ ಅಪ್ಪಣೆ ದೊರೆತ ಮೇಲೂ ಸಂಕರದ ಈ ಕೈಕೆಲಸ ನಿಲ್ಲಲಿಲ್ಲ. ಅಣುಮಟ್ಟದ ವಿಜ್ಞಾನವೂ ಕೊನೆಗೆ ಉಗುರಿನ ತುದಿಗೆ ಬಂದೇ ಹೊಲ ಮುಟ್ಟಬೇಕಾಯಿತು.

ಇನ್ನು ಸಿಂಧನೂರು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಯಿತು. ಆಗ ಈ ದಡ ಹೈದರಾಬಾದು ಸಂಸ್ಥಾನದ್ದು. 1953ರಲ್ಲಿ ನೀರು ಬಿಟ್ಟರು. 1956ರ ನವೆಂಬರಿನಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರ ಎಣಿಕೆಯಂತೆ ಇಲ್ಲಿ ಬಹುಭಾಗ ಜೋಳ, ಹತ್ತಿ, ಶೇಂಗಾಗಳಿಗೆ ಬೇಕಾದಾಗ ಸ್ವಲ್ಪ ಸ್ವಲ್ಪ ನೀರು ಕೊಡುವುದೆಂದಿತ್ತು. ಕೃಷ್ಣಾ ಗೋದಾವರಿ ಬಯಲಿನಿಂದ ಬಂದ ಆಂಧ್ರದ ಕುಟುಂಬಗಳು ಇಲ್ಲಿ ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದುವು. ಅವರ ಜೊತೆಯಲ್ಲಿ ಸಸಿಮಡಿ, ನಾಟಿ, ಭತ್ತ ಬಂದುವು. ನೀರು ನಿಂತ ನೆಲದಲ್ಲಿ ಜೋಳದ ಬೇರು ಉಸಿರುಕಟ್ಟಿ ಸಾಯುತ್ತದೆ. ಭತ್ತದ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿಯ ನಾಳಗಳಿದ್ದು, ಎಲೆಯ ಮೂಲಕ ಹೀರಿದ ಗಾಳಿ ಕೆಸರಿನೊಳಗಿನ ಬೇರಿಗೆ ತಲುಪುತ್ತದೆ. ಒಂದು ಗದ್ದೆಗೆ ನೀರು ಕಟ್ಟಿದ ಮೇಲೆ ಪಕ್ಕದ ಎರೆಹೊಲಕ್ಕೂ ಅದು ಜಿನುಗಿ, ಪಕ್ಕದವನೂ ಭತ್ತವನ್ನೇ ನೆಚ್ಚಬೇಕಾಯಿತು. ಕೆಲವು ಕಡೆ ನೆಲ ಸವಳಾಯಿತು.

ಹೆಚ್ಚಾಗಿ ಬೆಳೆದದ್ದು ಸೋನಾ ಮಸೂರಿಯೆಂದು ಪೇಟೆಯಲ್ಲಿ ಕರೆಯುವ ಬಿಪಿಟಿ 5204. ಇದು ಆಂಧ್ರದ ಬಾಪಟ್ಲದಲ್ಲಿ ಹುಟ್ಟಿ 1986ರಲ್ಲಿ ಬಿಡುಗಡೆಯಾದ ತಳಿ. ಇದರ ವಂಶಾವಳಿಯಲ್ಲಿ ಕೊಯಮತ್ತೂರಿನ ಸಣ್ಣಕ್ಕಿ ಜಿಇಬಿ 24 ಇದೆ, ತೈವಾನಿನ ಗಿಡ್ಡ ಭತ್ತವಿದೆ, ಮಲೇಷ್ಯಾದಲ್ಲಿ ಹೆಸರು ಪಡೆದ ಮಸೂರಿಯಿದೆ. ಸಿಂಧನೂರಿನ ಗಿರಣಿಯಿಂದ ಹೊರಟ ಅಕ್ಕಿಮೂಟೆಯಲ್ಲಿ ಇಷ್ಟೆಲ್ಲ ದೇಶಗಳು ಕುಳಿತಿವೆ. ಮೂಲದಲ್ಲಿ ಇದು ಸಂಕರದಿಂದ ಬಂದುದಾದರೂ ಅನೇಕ ತಲೆಮಾರು ಆರಿಸಿ ಸ್ಥಿರಗೊಳಿಸಿದ ತಳಿ. ಭತ್ತದ ಹೂ ಬೆಳಗಿನ ಹತ್ತು-ಹನ್ನೊಂದರ ಸುಮಾರಿಗೆ ಸ್ವಲ್ಪ ಹೊತ್ತು ಮಾತ್ರ ತೆರೆದಿರುತ್ತದೆ, ತೆರೆಯುವ ಗಳಿಗೆಯಲ್ಲಿಯೇ ತನ್ನ ಪರಾಗವನ್ನು ತನ್ನ ಮೇಲೆ ಸುರಿದುಕೊಂಡಿರುತ್ತದೆ. ಆದುದರಿಂದ ಒಳ್ಳೆಯ ಗದ್ದೆಯ ಕಾಳನ್ನು ಆರಿಸಿಟ್ಟು ಮರುವರ್ಷ ಬಿತ್ತಿದರೆ ಅದೇ ಭತ್ತ ಬರುತ್ತದೆ. ಅಂಗಡಿಗೆ ಪ್ರತಿಸಲವೂ ಹೋಗಬೇಕಾಗಿಲ್ಲ. ಕಾಲುವೆಯ ನಾಡಿನ ಅತ್ಯಂತ ಹೊಸ ಬೆಳೆ ಬೀಜದ ವಿಷಯದಲ್ಲಿ ಗಡಿಗೆಯ ಕಾಲದ್ದಾಗಿರುವುದು ವಿಚಿತ್ರ.

ಮೇಲಿನವರು ಭತ್ತಕ್ಕೆ ನೀರು ಕಟ್ಟಿದರೆ ಕಾಲುವೆಯ ತುದಿಯವರಿಗೆ ಕಡಿಮೆಯಾಗುವುದು ಸಹಜ. ಮಾನ್ವಿ, ರಾಯಚೂರುಗಳ ಕಡೆಯ ರೈತರು ವರ್ಷ ವರ್ಷವೂ ಈ ಜಗಳವಾಡುತ್ತ ಬಂದಿದ್ದಾರೆ. ಅಲ್ಲಿಯೂ, ಕಾಲುವೆಗಿಂತ ಎತ್ತರದಲ್ಲಿ ಉಳಿದ ಮಸ್ಕಿ ಲಿಂಗಸುಗೂರುಗಳ ಎರೆಯಲ್ಲಿಯೂ ಹಿಂಗಾರಿಗೆ ಇಂದಿಗೂ ಮಾಲದಂಡಿ ಬೀಳುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದು ಆಳೆತ್ತರ ನಿಂತು ತೆನೆ ಹಿರಿಯುತ್ತಿರುತ್ತದೆ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಲೆ ಎಡೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲಿ ಬರುತ್ತಾರೆ.